ತಲೆಗೆ ಎಷ್ಟು ಬಿಸಿ ನೀರು?



ಇಂದಿನ ನನ್ನ ಮಾತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ತಲೆ ಎರೆದುಕೊಳ್ಳುವಾಗ ನೀರು ಎಷ್ಟು ಬಿಸಿಯಾಗಿರಬೇಕು? ಇದನ್ನು ಹೇಳಲು ದೂರದರ್ಶನ ಬೇಕೇ, ಮನೆಯಲ್ಲಿ ಹಿರಿಯರಿಲ್ಲವೇ ಎಂದು ನೀವು ಕೇಳಬಹುದು. ಹಿರಿಯರಿದ್ದಾರೆ. ಆದರೆ ಒಬ್ಬ ಹಿರಿಯರು ಹೇಳುವುದು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ಒಂದು ಮನೆಯಲ್ಲಿ ಸುಡುನೀರೇ ಆರೋಗ್ಯ, ಪಕ್ಕದ ಮನೆಯಲ್ಲಿ ಸುಡುನೀರೇ ಕೂದಲಿನ ಶತ್ರು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಒಬ್ಬ ತಾಯಿ ಮತ್ತು ಮಗಳನ್ನು ನಾನು ಕಂಡೆ. ಈ ವಿಷಯ ಸಣ್ಣದಲ್ಲ ಎಂದು ನನಗೆ ಅನ್ನಿಸಿದ್ದು ಅವರಿಂದಲೇ.

ಗದಗ ಜಿಲ್ಲೆಯ ರಾಜೂರ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮೊದಲು ರೋಣ ತಾಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲೂಕಿಗೆ ಸೇರಿದ ಊರು. ಗ್ರಾಮೀಣ ಆರೋಗ್ಯವನ್ನು ಕುರಿತ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಶಾಲೆಯ ಮಕ್ಕಳಿಗೆ ಪ್ರಯೋಗ ತೋರಿಸಲೆಂದು ತಂದ ಒಂದು ಥರ್ಮಾಮೀಟರ್ ನನ್ನ ಚೀಲದಲ್ಲಿತ್ತು. ಚಹಾ ಕುಡಿಯಲು ಕರೆದ ಒಂದು ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರಿದ್ದರು. ಹೆರಿಗೆಗೆ ತವರಿಗೆ ಬಂದಿದ್ದ ಮಗಳು, ಅವಳ ತಾಯಿ, ತಾಯಿಯ ತಾಯಿ. ತೊಟ್ಟಿಲಲ್ಲಿ ಮೂರು ತಿಂಗಳ ಕೂಸು. ಬಚ್ಚಲಲ್ಲಿ ಹತ್ತಿಕಟ್ಟಿಗೆಯ ಉರಿ, ಅದರ ಮೇಲೆ ತಾಮ್ರದ ಹಂಡೆ.

ನಾನು ವಿಜ್ಞಾನದ ಪದವೀಧರ ಎಂದು ನಮ್ಮ ಕ್ಯಾಮೆರಾದವರು ಹೇಳಿದ್ದೇ ತಡ, ಆ ಮಗಳು ಕೇಳಿದಳು: “ಸರ್, ಒಂದು ಮಾತು ಹೇಳ್ರಿ. ನೀರು ಭಾಳ ಬಿಸಿ ಆಗಿ ನನ್ನ ಕೂದಲಾ ಉದುರಾಕತ್ತಾವೋ, ಬಿಸಿ ಸಾಲದ ಉದುರಾಕತ್ತಾವೋ?”

ಬಾಚಣಿಗೆಯಲ್ಲಿ ಬಂದ ಕೂದಲನ್ನು ಅವಳು ಒಂದು ಹಾಳೆಯಲ್ಲಿ ಸುತ್ತಿಟ್ಟಿದ್ದಳು. ಅದು ಒಂದು ಹಿಡಿಯಷ್ಟಿತ್ತು. ಅವಳ ತಾಯಿ ತಲೆ ತಗ್ಗಿಸಿ ಹೇಳಿದರು: “ಮೊದಮೊದಲ ನಾನು ನೀರು ಬರೇ ಬೆಚ್ಚಗ ಹಾಕಿದೆ. ಅದ ತಪ್ಪಾತು. ನಮ್ಮವ್ವ ನನಗ ಸುಡುಸುಡು ನೀರು ಹಾಕಿದ್ಲು, ನನ್ನ ಜಡಿ ನೋಡ್ರಿ ಇನ್ನೂ ಹೆಂಗೈತಿ.” ಆ ತಪ್ಪನ್ನು ತಿದ್ದಿಕೊಳ್ಳಲೆಂದು ಅವರು ಈಗ ವಾರದಿಂದ ವಾರಕ್ಕೆ ನೀರಿನ ಬಿಸಿ ಏರಿಸುತ್ತ ಬಂದಿದ್ದರು. ಅಂದು ಮಗಳಿಗಾಗಿ ಹದ ಮಾಡಿಟ್ಟಿದ್ದ ನೀರಿನಲ್ಲಿ ನಾನು ಥರ್ಮಾಮೀಟರ್ ಅದ್ದಿದೆ. ಪಾದರಸ 47 ಡಿಗ್ರಿ ಸೆಲ್ಸಿಯಸ್‌ಗೆ ಹೋಗಿ ನಿಂತಿತು. “ಇನ್ನೂ ಸ್ವಲ್ಪ ಕಾಯಬೇಕ್ರೀ” ಎಂದರು ತಾಯಿ. ಮಗಳ ನೆತ್ತಿಯ ಬೈತಲೆಗುಂಟ ಚರ್ಮ ಕೆಂಪಾಗಿತ್ತು.

ಅಂದು ಆ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. “ಸದ್ಯ ಇಷ್ಟು ಬಿಸಿ ಬೇಡಮ್ಮಾ, ಕೇಳಿಕೊಂಡು ಬಂದು ಹೇಳುತ್ತೇನೆ” ಎಂದೆ. ಊರಿಗೆ ಮರಳಿದ ಮೇಲೆ ಚರ್ಮರೋಗ ತಜ್ಞರನ್ನು ಕೇಳಿ, ಪುಸ್ತಕಗಳನ್ನು ತೆಗೆದು ನೋಡಿ ತಿಳಿದುಕೊಂಡದ್ದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕೂದಲು ಎಂದರೇನು ಎಂಬುದನ್ನು ನೋಡೋಣ. ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಕಣ್ಣಿಗೆ ಕಾಣುವ ಕೂದಲಿನ ಎಳೆಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ದಾರ. ನಮ್ಮ ಉಗುರಿನಲ್ಲಿರುವುದೂ ದನದ ಕೋಡಿನಲ್ಲಿರುವುದೂ ಇದೇ ವಸ್ತು. ಕತ್ತರಿಸಿದರೆ ನೋವಾಗದಿರುವುದು ಇದೇ ಕಾರಣಕ್ಕೆ. ಜೀವವಿರುವುದು ಬುಡದಲ್ಲಿ. ಆ ಬುಡ ಚರ್ಮದ ಮೇಲ್ಮೈಯಿಂದ ಮೂರು ನಾಲ್ಕು ಮಿಲಿಮೀಟರ್ ಆಳದಲ್ಲಿ, ರಕ್ತದ ಕಾವಿನಲ್ಲಿ ಸುರಕ್ಷಿತವಾಗಿ ಕುಳಿತಿದೆ. ಅಲ್ಲಿಂದ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ.

ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ. ನೂರರಲ್ಲಿ 85ರಿಂದ 90 ಬೆಳೆಯುತ್ತಿದ್ದರೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಎರಡು ಮೂರು ತಿಂಗಳ ವಿಶ್ರಾಂತಿಯ ನಂತರ ಅವು ಉದುರಿ, ಅದೇ ಬುಡದಿಂದ ಹೊಸ ಕೂದಲು ಏಳುತ್ತದೆ. ಹೀಗೆ ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ವಾರಕ್ಕೊಮ್ಮೆ ತಲೆ ಎರೆದುಕೊಳ್ಳುವವರಲ್ಲಿ, ಈಗಾಗಲೇ ಕಳಚಿಕೊಂಡು ಜಡೆಯಲ್ಲೇ ಸಿಕ್ಕಿಕೊಂಡಿದ್ದ ಕೂದಲೆಲ್ಲ ಎರೆದುಕೊಂಡ ದಿನವೇ ಕೈಗೆ ಬರುತ್ತವೆ. ಬಚ್ಚಲಿನ ಜಾಲರಿಯಲ್ಲಿ ಕಂಡ ಉಂಡೆಯನ್ನು ನೋಡಿ ನಾವು ನೀರನ್ನು ಬೈಯುತ್ತೇವೆ. ನೀರು ಅವನ್ನು ಕೀಳಲಿಲ್ಲ. ಬಿದ್ದದ್ದನ್ನು ಹೊರಗೆ ತಂದಿತು, ಅಷ್ಟೇ.

ಇನ್ನು ಬಾಣಂತಿಯ ಕೂದಲು. ಬಸುರಿಯಾಗಿದ್ದಾಗ ದೇಹದಲ್ಲಿನ ಹಾರ್ಮೋನುಗಳ ಪ್ರಭಾವದಿಂದ ಹೆಚ್ಚು ಕೂದಲುಗಳು ಬೆಳವಣಿಗೆಯ ಹಂತದಲ್ಲೇ ಉಳಿಯುತ್ತವೆ. ಜಡೆ ದಪ್ಪವಾಗಿ ಕಾಣುತ್ತದೆ. ಹೆರಿಗೆಯಾದ ಮೇಲೆ ಆ ಪ್ರಭಾವ ಇಳಿಯುತ್ತದೆ. ಅಷ್ಟು ದಿನ ತಡೆದು ನಿಂತಿದ್ದ ಕೂದಲುಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡರಿಂದ ನಾಲ್ಕು ತಿಂಗಳಲ್ಲಿ ಒಟ್ಟಿಗೆ ಉದುರುತ್ತವೆ. ಬಹುತೇಕ ತಾಯಂದಿರಲ್ಲಿ ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೆ ಕೂದಲು ತಾನಾಗಿಯೇ ಮೊದಲಿನಂತಾಗುತ್ತದೆ. ಜೋರು ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ತೀವ್ರ ಮಾನಸಿಕ ಆಘಾತಗಳ ನಂತರವೂ ಹೀಗೆಯೇ ಎರಡು ಮೂರು ತಿಂಗಳು ಬಿಟ್ಟು ಕೂದಲು ಉದುರುವುದುಂಟು. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಅಂತರವಿರುವುದರಿಂದ ನಿಜವಾದ ಕಾರಣ ನಮಗೆ ಮರೆತುಹೋಗಿರುತ್ತದೆ. ಕಣ್ಣೆದುರಿಗಿರುವ ನೀರು, ಸೋಪು, ಎಣ್ಣೆಗಳ ಮೇಲೆ ಅಪವಾದ ಬರುತ್ತದೆ.

ಹಾಗಾದರೆ ರಾಜೂರಿನ ಆ ಮಗಳ ಪ್ರಶ್ನೆಗೆ ಉತ್ತರ ಇದು: ಬಿಸಿ ಹೆಚ್ಚಾಗಿಯೂ ಅಲ್ಲ, ಬಿಸಿ ಸಾಲದೆಯೂ ಅಲ್ಲ. ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಸೇರಿಸಬೇಕು. ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ, ಅಥವಾ ಸುಸ್ತು, ಮುಖ ಬಿಳಿಚಿಕೊಳ್ಳುವುದು, ಏದುಸಿರು ಇದ್ದರೆ ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕು. ಹಂಡೆಯ ಉರಿ ಹೆಚ್ಚಿಸಿದರೆ ಅದು ಗುಣವಾಗದು.

ಹಾಗಿದ್ದ ಮೇಲೆ ನೀರು ಹೇಗಿದ್ದರೂ ನಡೆದೀತೇ? ಇಲ್ಲ. ನೀರಿನ ಬಿಸಿಯಿಂದ ಬುಡಕ್ಕೆ ಲಾಭನಷ್ಟವಿಲ್ಲದಿದ್ದರೂ ತಲೆಯ ಚರ್ಮಕ್ಕೆ ಇದೆ. ತೊಳೆಯುವ ಕೆಲಸಕ್ಕೂ ಇದೆ.

ತೊಳೆಯುವ ಕೆಲಸವನ್ನೇ ಮೊದಲು ನೋಡೋಣ. ತುಪ್ಪ ಹಾಕಿಟ್ಟ ಬಟ್ಟಲನ್ನು ತಣ್ಣೀರಿನಲ್ಲಿ ತೊಳೆದು ನೋಡಿ, ಜಿಡ್ಡು ಹೋಗುವುದಿಲ್ಲ. ಉಗುರುಬೆಚ್ಚಗಿನ ನೀರು ಹಾಕಿದರೆ ತುಪ್ಪ ಕರಗಿ ಸುಲಭವಾಗಿ ಬಿಡುತ್ತದೆ. ನಮ್ಮ ನೆತ್ತಿಯ ಚರ್ಮವೂ ಒಂದು ಬಗೆಯ ಜಿಡ್ಡನ್ನು ಸ್ರವಿಸುತ್ತದೆ. ಅದು ಮೈಯ ಕಾವಿನಲ್ಲಿ ದ್ರವವಾಗಿರುತ್ತದೆ, ತಣ್ಣಗಾದರೆ ಗಟ್ಟಿಯಾಗತೊಡಗುತ್ತದೆ. ಇನ್ನು ನಾವು ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಬಾಟಲಿಯೊಳಗೆ ಅದು ಬೆಳ್ಳಗೆ ಹೆಪ್ಪುಗಟ್ಟಿರುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಹವೆಯಲ್ಲಿ ಬಾವಿಯ ತಣ್ಣೀರಿನಿಂದ ಎಣ್ಣೆತಲೆ ತೊಳೆದರೆ ಎಷ್ಟು ತಿಕ್ಕಿದರೂ ಅಂಟು ಹೋಗದು. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಕೊಡುವ ಸಪೋನಿನ್ ಎಂಬ ಪದಾರ್ಥವಿದೆ. ಅದೂ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಬಿಡುತ್ತದೆ. ಆದ್ದರಿಂದ ತಲೆ ತೊಳೆಯಲು ಬೆಚ್ಚಗಿನ ನೀರು ಬೇಕು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಬೆಚ್ಚಗಿನ ನೀರಿಗೂ ಸುಡುನೀರಿಗೂ ವ್ಯತ್ಯಾಸವಿದೆ. ಚರ್ಮದ ಜಿಡ್ಡು ಕೊಳೆಯಲ್ಲ. ಅದು ಚರ್ಮ ಒಣಗದಂತೆ ಕಾಯುವ ಹೊದಿಕೆ. ಹೆಚ್ಚು ಬಿಸಿಯಾದ ನೀರು ಅದನ್ನು ಪೂರ್ತಿ ತೆಗೆದುಹಾಕುತ್ತದೆ. ನೆತ್ತಿ ಒಣಗುತ್ತದೆ, ತುರಿಸುತ್ತದೆ. ಇಸುಬು, ಸೋರಿಯಾಸಿಸ್ ಇದ್ದವರಿಗೆ ತುರಿಕೆ ಕೆರಳುತ್ತದೆ. ತುರಿಸಿದ ಉಗುರಿನಿಂದ ಗಾಯವಾಗುತ್ತದೆ. ಇನ್ನೊಂದು ಮಾತು. ಬಿಸಿ ಹೆಚ್ಚಾದಾಗ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಬಾಣಂತಿ, ಹೊಗೆ ತುಂಬಿದ ಮುಚ್ಚಿದ ಬಚ್ಚಲಿನಲ್ಲಿ, ಹಂಡೆಗಟ್ಟಲೆ ಸುಡುನೀರು ಹಾಕಿಸಿಕೊಂಡು ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವುದು ಇದರಿಂದಲೇ. ಅದನ್ನು ನಾವು ದೃಷ್ಟಿ ಎನ್ನುತ್ತೇವೆ, ನಂಜು ಎನ್ನುತ್ತೇವೆ.

ಇಲ್ಲಿ ನಮ್ಮ ಪೂರ್ವಿಕರ ಒಂದು ಮಾತನ್ನು ನೆನೆಯಬೇಕು. ವಾಗ್ಭಟನ ಅಷ್ಟಾಂಗಹೃದಯ ಆಯುರ್ವೇದದ ಪ್ರಮಾಣಗ್ರಂಥಗಳಲ್ಲಿ ಒಂದು. ಅದರ ಸೂತ್ರಸ್ಥಾನದ ಎರಡನೆಯ ಅಧ್ಯಾಯ ದಿನಚರಿಯನ್ನು ಕುರಿತದ್ದು. ಕತ್ತಿನಿಂದ ಕೆಳಗಿನ ಮೈಗೆ ಬಿಸಿನೀರು ಎರೆದರೆ ಬಲ ಬರುತ್ತದೆ, ಅದೇ ಬಿಸಿನೀರನ್ನು ತಲೆಗೆ ಎರೆದರೆ ಕೂದಲಿನ ಮತ್ತು ಕಣ್ಣಿನ ಬಲ ಕುಂದುತ್ತದೆ ಎಂಬ ಅಭಿಪ್ರಾಯ ಅಲ್ಲಿ ಬರುತ್ತದೆ. ಕಣ್ಣಿನ ಮಾತನ್ನು ಇಂದಿನ ವೈದ್ಯವಿಜ್ಞಾನ ಹಾಗೆಯೇ ಒಪ್ಪಲಾರದು. ಆದರೆ ಮೈಗೆ ಬೇರೆ ನೀರು, ತಲೆಗೆ ಬೇರೆ ನೀರು ಎಂಬ ವಿವೇಕವನ್ನು ಗಮನಿಸಿ. ಸುಡುನೀರನ್ನು ನೆತ್ತಿಯಿಂದ ಸುರಿಯುವುದೇ ಸಂಪ್ರದಾಯ ಎನ್ನುವವರು, ಸಂಪ್ರದಾಯದಲ್ಲಿ ಈ ಮಾತೂ ಇದೆ ಎಂಬುದನ್ನು ನೆನಪಿಡಬೇಕು.

ಈಗ ಅಂಕಿಗಳಿಗೆ ಬರೋಣ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಚರ್ಮದ ಮೇಲ್ಮೈ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಆದ್ದರಿಂದ 37ರಿಂದ 40 ಡಿಗ್ರಿಯೊಳಗಿನ ನೀರು ನಮಗೆ ಹಿತವಾಗಿ ಬೆಚ್ಚಗೆ ಎನ್ನಿಸುತ್ತದೆ. ಜಿಡ್ಡು ಬಿಡಲು ಇಷ್ಟು ಸಾಕು. ಸುಮಾರು 43 ಡಿಗ್ರಿ ದಾಟಿದರೆ ಚರ್ಮದಲ್ಲಿನ ನರತಂತುಗಳು ನೋವಿನ ಸೂಚನೆ ಕೊಡಲು ಆರಂಭಿಸುತ್ತವೆ. ಅದಕ್ಕೂ ಮೇಲೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದರು. 44 ಡಿಗ್ರಿಯ ಬಿಸಿಯಿಂದ ಚರ್ಮ ಸುಡಬೇಕಾದರೆ ಸುಮಾರು ಆರು ಗಂಟೆ ಬೇಕು. ಅಲ್ಲಿಂದ ಮುಂದೆ 51 ಡಿಗ್ರಿಯವರೆಗೆ ಒಂದೊಂದು ಡಿಗ್ರಿ ಏರಿದಾಗಲೂ ಆ ಸಮಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. 60 ಡಿಗ್ರಿಗೆ ಬಂದರೆ ಸುಮಾರು ಐದೇ ಸೆಕೆಂಡು. ಇದು ದೊಡ್ಡವರ ಲೆಕ್ಕ. ಕೂಸಿನ ಚರ್ಮ ತೆಳುವಾದ್ದರಿಂದ ಇನ್ನೂ ಬೇಗ ಸುಡುತ್ತದೆ. ಸುಟ್ಟ ಗಾಯ ಆಳವಾದರೆ ಕೂದಲಿನ ಬುಡವೇ ಸತ್ತು ಅಲ್ಲಿ ಮತ್ತೆಂದೂ ಕೂದಲು ಬರುವುದಿಲ್ಲ. ನೀರಿನ ಬಿಸಿಯಿಂದ ಕೂದಲು ಶಾಶ್ವತವಾಗಿ ಹೋಗುವುದು ಹೀಗೆ ಮಾತ್ರ.

ಹಾಗಾದರೆ ಪ್ರತಿ ಮನೆಯಲ್ಲೂ ಥರ್ಮಾಮೀಟರ್ ಇಡಬೇಕೇ? ಇದ್ದರೆ ಒಳ್ಳೆಯದೇ. ಇಲ್ಲದಿದ್ದರೂ ನಡೆಯುತ್ತದೆ. ಆದರೆ ಕೈಯನ್ನು ನಂಬುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಮೂರು ಪಾತ್ರೆಗಳಲ್ಲಿ ನೀರು ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಒಂದರಲ್ಲಿ ತಡೆಯಬಹುದಾದಷ್ಟು ಬಿಸಿನೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಎಡಗೈ ತಣ್ಣೀರಿನಲ್ಲಿ, ಬಲಗೈ ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ಎರಡನ್ನೂ ಒಟ್ಟಿಗೆ ನಡುವಿನ ಪಾತ್ರೆಯಲ್ಲಿ ಅದ್ದಿ. ಒಂದೇ ನೀರು ಎಡಗೈಗೆ ಬಿಸಿ, ಬಲಗೈಗೆ ತಣ್ಣಗೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದ. ಒಲೆಯ ಮುಂದೆ ಕುಳಿತು ಕೈ ಕಾದವರಿಗೆ ಸುಡುನೀರೂ ಸಾಧಾರಣ ಎನ್ನಿಸುವುದು ಹೀಗೆಯೇ.

ಇದನ್ನೆಲ್ಲ ಓದುವ ಮೊದಲೇ ನನಗೆ ಪಾಠ ಹೇಳಿದವರು ರಾಜೂರಿನ ಆ ಮನೆಯ ಅಜ್ಜಿ, ಅಲ್ಲಿಯವರ ಮಾತಿನಲ್ಲಿ ಆಯಿ. ನಾನು ಥರ್ಮಾಮೀಟರ್ ನೋಡುತ್ತಿದ್ದಾಗ ಅವರು ಮೂಲೆಯಿಂದ ಹೇಳಿದರು: “ತಮ್ಮಾ, ಅಂಗೈ ದುಡದ ದುಡದ ಜಡ್ಡುಗಟ್ಟೈತಿ. ಅದಕ್ಕ ಬಿಸಿ ತಿಳಿಯಂಗಿಲ್ಲ. ಮೊಣಕೈಗೆ ಕೇಳಬೇಕು.” ಕಳೆ ತೆಗೆದು, ರೊಟ್ಟಿ ತಟ್ಟಿ ಜಡ್ಡಾದ ಅಂಗೈಯ ಚರ್ಮ ದಪ್ಪ. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ಮಗುಚುವ ಕೈಗೆ 47 ಡಿಗ್ರಿ ಯಾವ ಲೆಕ್ಕ? ಮೊಣಕೈಯ ಒಳಬದಿಯ ಅಥವಾ ಮಣಿಕಟ್ಟಿನ ಚರ್ಮ ತೆಳುವಾಗಿ ಸೂಕ್ಷ್ಮವಾಗಿದೆ. ನೀರನ್ನು ಚೆನ್ನಾಗಿ ಕಲಕಿ, ಅಲ್ಲಿಗೆ ಮುಟ್ಟಿಸಿ ನೋಡಿ. ಬಿಸಿ ಎನ್ನಿಸಬಾರದು, ಹಿತವಾಗಿ ಬೆಚ್ಚಗೆ ಎನ್ನಿಸಬೇಕು. ಕೂಸಿನ ನೀರಾದರೆ ಇನ್ನೂ ಒಂದು ಹಂತ ಕಡಿಮೆ, 37ರಿಂದ 38 ಡಿಗ್ರಿ ಸಾಕು. ಹುಟ್ಟಿದ ಕೂಸಿಗೆ ಮೊದಲ 24 ಗಂಟೆ ಸ್ನಾನವೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ ಎಂಬುದನ್ನೂ ಗಮನದಲ್ಲಿಡಿ.

ಒಂದು ಮಾತು ಸಕ್ಕರೆ ಕಾಯಿಲೆಯವರಿಗೆ. ಬಹಳ ವರ್ಷದ ಮಧುಮೇಹದಿಂದ ಮೊದಲು ಪಾದದ, ನಂತರ ಕೈಯ ಸ್ಪರ್ಶಜ್ಞಾನ ಮಂದವಾಗಬಹುದು. ಅಂಥವರು ತಾವೇ ನೀರು ಮುಟ್ಟಿ ನಿರ್ಧರಿಸಬಾರದು. ಮನೆಯ ಇನ್ನೊಬ್ಬರು ನೋಡಿ ಕೊಡಬೇಕು.

ನೀರು ಬೆರೆಸುವುದಕ್ಕೂ ಒಂದು ಲೆಕ್ಕವಿದೆ. ಹಂಡೆಯ ನೀರು 85 ಡಿಗ್ರಿ, ತೊಟ್ಟಿಯ ನೀರು 25 ಡಿಗ್ರಿ ಇದೆ ಎಂದುಕೊಳ್ಳಿ. ಒಂದು ಚರಿಗೆ ಬಿಸಿನೀರಿಗೆ ಮೂರು ಚರಿಗೆ ತಣ್ಣೀರು ಬೆರೆಸಿದರೆ ಸರಿಯಾಗಿ 40 ಡಿಗ್ರಿಯಾಗುತ್ತದೆ. ಚಳಿಗಾಲದಲ್ಲಿ ತೊಟ್ಟಿಯ ನೀರು 20 ಡಿಗ್ರಿಗೆ ಇಳಿದರೆ ಅದೇ ಒಂದಕ್ಕೆ ಮೂರು ಲೆಕ್ಕದಲ್ಲಿ ಸುಮಾರು 36 ಡಿಗ್ರಿ, ಸ್ವಲ್ಪ ತಣ್ಣಗೆ. ಬೇಸಿಗೆಯಲ್ಲಿ ತೊಟ್ಟಿಯ ನೀರೇ 32 ಡಿಗ್ರಿ ಇದ್ದರೆ ಅದೇ ಲೆಕ್ಕ 45 ಡಿಗ್ರಿ ದಾಟುತ್ತದೆ. ಆಗ ಒಂದಕ್ಕೆ ಆರು ಬೇಕು. ಕೈ ಅಭ್ಯಾಸದಿಂದ ವರ್ಷವಿಡೀ ಒಂದೇ ಅಳತೆಯಲ್ಲಿ ಬೆರೆಸುವವರು ಬೇಸಿಗೆಯಲ್ಲಿ ತಪ್ಪುವುದು ಇಲ್ಲಿ. ಬಯಲುಸೀಮೆಯ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಒಲೆಯಿಲ್ಲದೆಯೇ ಕಾದಿರುತ್ತದೆ. ನಲ್ಲಿ ತಿರುಗಿಸಿ ನೇರವಾಗಿ ತಲೆ ಒಡ್ಡಬೇಡಿ. ಬಿಸಿಲಿಗೆ ಬಿದ್ದ ಪೈಪಿನ ಮೊದಲ ನೀರನ್ನು ಬಕೆಟ್ಟಿಗೆ ಹಿಡಿದು, ಮುಟ್ಟಿ ನೋಡಿ ಬಳಸಿ.

ಬೆರೆಸುವ ಕ್ರಮ ಇನ್ನೂ ಮುಖ್ಯ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಇದನ್ನು ದಯವಿಟ್ಟು ತಿರುಗುಮುರುಗು ಮಾಡಬೇಡಿ. ಕುದಿನೀರಿನ ಬಕೆಟ್ಟನ್ನು ಬಚ್ಚಲಿನಲ್ಲಿಟ್ಟು ತಣ್ಣೀರು ತರಲು ಹೊರಗೆ ಹೋದ ಅರ್ಧ ನಿಮಿಷದಲ್ಲಿ ಅಂಬೆಗಾಲಿಕ್ಕುವ ಮಗು ಅದರ ಅಂಚು ಹಿಡಿದು ನಿಲ್ಲಲು ನೋಡುತ್ತದೆ. ವಿದ್ಯುತ್ ಕಾಯಿಲ್ ಇಟ್ಟು ನೀರು ಕಾಯಿಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾಯಿಲ್ ಹೊರತೆಗೆದ ಮೇಲೆಯೇ ನೀರಿಗೆ ಬೆರಳಿಡಬೇಕು. ಗೀಜರಿನ ಅಥವಾ ಸೌರಹೀಟರಿನ ನೀರು 60 ಡಿಗ್ರಿ ದಾಟಿರಬಹುದು. ಅದನ್ನೂ ಬೆರೆಸಿಯೇ ಬಳಸಬೇಕು. ಗ್ಯಾಸ್ ಗೀಜರ್ ಇರುವ ಬಚ್ಚಲಿಗೆ ಗಾಳಿ ಆಡುವ ಕಿಂಡಿ ಇರಲೇಬೇಕು. ಮುಚ್ಚಿದ ಕೋಣೆಯಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣ ತೆಗೆಯುತ್ತದೆ. ಒಂದು ವೇಳೆ ಬಿಸಿನೀರು ಬಿದ್ದು ಸುಟ್ಟರೆ, ಕೂಡಲೇ ಆ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ಹಿಟ್ಟು ಯಾವುದನ್ನೂ ಮೆತ್ತಬೇಡಿ. ಶುಚಿಯಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

“ನಮ್ಮೂರಿನ ನೀರಿಗೆ ಕೂದಲು ಹಗ್ಗದಂತಾಗುತ್ತದೆ, ಎಷ್ಟು ಕಾಯಿಸಿದರೂ ಅಷ್ಟೇ” ಎಂಬ ದೂರು ಬಯಲುಸೀಮೆಯಲ್ಲಿ ಸಾಮಾನ್ಯ. ರಾಜೂರಿನ ಆ ಹಂಡೆಯ ಒಳಗೂ ಬೆರಳ ಉಗುರಿನಷ್ಟು ದಪ್ಪದ ಬಿಳಿಯ ಹಕ್ಕಳೆ ಕಟ್ಟಿತ್ತು. ಇದು ಬಿಸಿಯ ತಪ್ಪಲ್ಲ, ಗಡಸು ನೀರಿನ ಗುಣ. ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುತ್ತವೆ. ಕುಡಿಯುವ ನೀರಿನಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಗತಿಯಿಲ್ಲದ ಕಡೆ 600ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ಇಂಥ ನೀರಿನಲ್ಲಿ ಸೋಪು ಹಾಕಿದರೆ ನೊರೆಯ ಬದಲು ಬೂದುಬಣ್ಣದ ಜಿಗುಟು ಗಸಿ ಉಂಟಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ನೀರನ್ನು ಕುದಿಸಿದಾಗ ಗಡಸುತನದ ಒಂದು ಭಾಗ ಸುಣ್ಣದ ಹಕ್ಕಳೆಯಾಗಿ ಹಂಡೆಗೆ ಅಂಟುತ್ತದೆ. ಇನ್ನೊಂದು ಭಾಗ ಎಷ್ಟು ಕುದಿಸಿದರೂ ನೀರಿನಲ್ಲೇ ಉಳಿಯುತ್ತದೆ.

ಇದಕ್ಕೆ ಪರಿಹಾರ ಉರಿಯಲ್ಲಿಲ್ಲ. ತಲೆಗೆ ಬಟ್ಟೆಸೋಪು, ಮೈಸೋಪು ಹಚ್ಚುವುದನ್ನು ಬಿಡಿ. ಸೀಗೆಕಾಯಿಯಾಗಲಿ ಶಾಂಪೂ ಆಗಲಿ ಗಡಸು ನೀರಿನಲ್ಲೂ ಸೋಪಿನಂತೆ ಗಸಿಯಾಗುವುದಿಲ್ಲ. ಎರೆಭೂಮಿಯ ಹೆಂಗಸರು ತಾವೇ ಬೆಳೆದ ಕಡಲೆಯ, ಹೆಸರಿನ ಹಿಟ್ಟಿನಿಂದ ಎಣ್ಣೆ ತೆಗೆಯುತ್ತಿದ್ದುದೂ ಜಾಣತನವೇ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟರೆ ತಲೆ ತೊಳೆಯಲು ಅದಕ್ಕಿಂತ ಮೆದುವಾದ ನೀರು ಇಲ್ಲ. ಅದೂ ಇಲ್ಲವಾದರೆ, ಕೊನೆಯ ಚರಿಗೆ ನೀರಿಗೆ ನಾಲ್ಕಾರು ಹನಿ ನಿಂಬೆರಸ ಹಿಂಡಿ ಹಾಕಿಕೊಂಡರೆ ಅಂಟಿದ ಗಸಿ ಸ್ವಲ್ಪ ಬಿಡುತ್ತದೆ. ಕಣ್ಣಿಗೆ ಬೀಳದಂತೆ ಎಚ್ಚರವಿರಲಿ, ನೆತ್ತಿಯಲ್ಲಿ ಗಾಯವಿದ್ದರೆ ಬೇಡ.

ಶಾಂಪೂ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಅದು ಪರದೇಶದ್ದಲ್ಲ. ಅಂಗಮರ್ದನಕ್ಕೆ ಹಿಂದಿಯಲ್ಲಿ ಬಳಸುವ ಚಂಪೀ ಎಂಬ ಮಾತಿಗೆ ಸಂಬಂಧಿಸಿದ್ದು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನ, ಅಂಗಮರ್ದನಗಳ ಸ್ನಾನಗೃಹ ನಡೆಸಿ ಅಲ್ಲಿಯ ದೊರೆಗಳಿಗೂ ಸೇವೆ ಸಲ್ಲಿಸಿದ. ಆ ಮಾತು ಇಂಗ್ಲೆಂಡಿನಲ್ಲಿ ನೆಲೆಯೂರಿದ್ದು ಅವನಿಂದ. ಆ ಹೆಸರಿನಲ್ಲೇ ಇರುವ ಅರ್ಥವನ್ನು ನಾವು ಮರೆಯಬಾರದು. ಕೊಳೆ ಬಿಡಿಸುವ ಕೆಲಸ ಹೆಚ್ಚಾಗಿ ಬೆರಳ ತುದಿಯ ಮೃದುವಾದ ತಿಕ್ಕುವಿಕೆಯಿಂದ ಆಗುತ್ತದೆ. ಅದನ್ನು ಬಿಸಿಯ ಮೇಲೆ ಹೊರಿಸಬೇಕಾಗಿಲ್ಲ. ಉಗುರು ಹಚ್ಚಬೇಡಿ.

ಇನ್ನು ತಣ್ಣೀರು. ಕೊನೆಗೆ ಒಂದು ಚರಿಗೆ ತಣ್ಣೀರು ಹಾಕಿಕೊಂಡರೆ ಕೂದಲಿನ ಪದರಗಳು ಮುಚ್ಚಿಕೊಂಡು ಹೊಳಪು ಬರುತ್ತದೆ ಎಂದು ಜಾಹೀರಾತುಗಳಲ್ಲಿ, ಪತ್ರಿಕೆಗಳಲ್ಲಿ ಓದಿರುತ್ತೀರಿ. ಇದಕ್ಕೆ ಬಲವಾದ ಆಧಾರವಿಲ್ಲ. ನೀರಿನಲ್ಲಿ ನೆನೆದ ಕೂದಲು ಬಿಸಿಯಿರಲಿ ತಣ್ಣಗಿರಲಿ ಉಬ್ಬುತ್ತದೆ. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರು ಕುಡಿದು ಸುಮಾರು ಶೇಕಡಾ 15ರಷ್ಟು ದಪ್ಪವಾಗುತ್ತದೆ. ಆಗ ಅದು ಮೆತ್ತಗಾಗಿ ಬೇಗ ಹರಿಯುತ್ತದೆ. ಆದ್ದರಿಂದ ಒದ್ದೆ ಕೂದಲನ್ನು ಹಣಿಗೆಯಿಂದ ಜಗ್ಗಬಾರದು, ಬಟ್ಟೆಯಿಂದ ಬಡಿಯಬಾರದು. ಎಣ್ಣೆಯ ಉಪಯೋಗ ಇಲ್ಲಿ ಬರುತ್ತದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆಂದು ಮುಂಬಯಿಯ ರೇಲೆ ಮತ್ತು ಮೋಹಿಲೆ ಎಂಬ ಸಂಶೋಧಕರು 2003ರಲ್ಲಿ ತೋರಿಸಿದರು. ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವ ನಮ್ಮ ಅಭ್ಯಂಜನದ ಪದ್ಧತಿಗೆ ಇಂಥ ಆಧಾರವಿದೆ.

ತಣ್ಣೀರು ತಲೆಗೆ ಬಿದ್ದರೆ ನೆಗಡಿ ಬರುತ್ತದೆಂಬ ಭಯವೂ ಬೇಡ. ನೆಗಡಿ ತರುವುದು ವೈರಸ್. ಗಜೇಂದ್ರಗಡದ ಕಾಲಕಾಲೇಶ್ವರನ ಗುಡ್ಡಕ್ಕೆ ಹೋದವರು ಅಂತರಗಂಗೆಯ ತಣ್ಣನೆಯ ನೀರನ್ನು ತಲೆಗೆ ಹಾಕಿಕೊಂಡು ಸುಖವಾಗಿಯೇ ಇಳಿದು ಬರುತ್ತಾರೆ. ಬೇಸಿಗೆಯಲ್ಲಿ, ಎಣ್ಣೆಯಿಲ್ಲದ ತಲೆಗೆ, ಗಟ್ಟಿಮುಟ್ಟಾದವರಿಗೆ ತಣ್ಣೀರು ಏನೂ ಕೆಡುಕು ಮಾಡದು. ಎಳೆಯ ಕೂಸು, ಬಹಳ ವಯಸ್ಸಾದವರು, ಹೃದಯದ ತೊಂದರೆಯುಳ್ಳವರು ಮಾತ್ರ ತೀರ ತಣ್ಣನೆಯ ನೀರನ್ನು ಒಮ್ಮೆಲೇ ಸುರಿದುಕೊಳ್ಳಬಾರದು.

ದೀಪಾವಳಿಯ ನೀರು ತುಂಬುವ ಹಬ್ಬದಂದು ನಾವು ಹಂಡೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಪೂಜೆ ಮಾಡುತ್ತೇವೆ. ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಅದೇ ಹಂಡೆಯಿಂದ ನೀರು ಎರೆಯುತ್ತೇವೆ. ಎರೆಯುವ ಕೈಯಲ್ಲಿ ಪ್ರೀತಿಯಿದೆ, ಅದು ಇರಲಿ. ಆ ಪ್ರೀತಿ ಎಷ್ಟಿದೆ ಎಂದು ನೀರಿನ ಬಿಸಿಯಿಂದ ಅಳೆಯುವುದನ್ನು ಬಿಡೋಣ.

ಆರು ತಿಂಗಳ ನಂತರ ಇನ್ನೊಂದು ಚಿತ್ರೀಕರಣಕ್ಕೆ ಆ ಕಡೆ ಹೋದಾಗ ಕೊಟ್ಟ ಮಾತಿನಂತೆ ರಾಜೂರಿನ ಆ ಮನೆಗೆ ಹೋದೆ. ಮಗಳು ಇನ್ನೇನು ಗಂಡನ ಮನೆಗೆ ಹೊರಡುವವಳಿದ್ದಳು. ಅವಳ ಹಣೆಯ ಅಂಚಿನಲ್ಲಿ ಬೆರಳುದ್ದದ ಹೊಸ ಕೂದಲು ಸೆಟೆದು ನಿಂತಿದ್ದವು. ತಾಯಿ ಹೆಮ್ಮೆಯಿಂದ ಹೇಳಿದರು: “ನೋಡ್ರಿ ಸರ್, ನೀವು ಬ್ಯಾಡ ಅಂದಿಂದ ಆಯಿ ಮೊಣಕೈ ಇಟ್ಟು ನೋಡೇ ನೀರು ಹಾಕಿದ್ವಿ. ನೀರು ಹದಾ ಮಾಡಿದ ಮ್ಯಾಲೆ ಕೂದಲಾ ಬಂದ್ವು.”

ಹೌದೆಂದು ತಲೆಯಾಡಿಸಿ ಚಹಾ ಕುಡಿದು ಬರಬಹುದಿತ್ತು. ಆದರೆ ನಾಳೆ ಇನ್ನೊಬ್ಬ ಮಗಳ ಕೂದಲು ಉದುರಿದರೆ ಇವರು ಮತ್ತೆ ನೀರನ್ನೇ ಹುಡುಕುತ್ತಾರೆ. ಆದ್ದರಿಂದ ತಿಳಿದುಕೊಂಡು ಬಂದದ್ದನ್ನೆಲ್ಲ ಹೇಳಿದೆ. ನೀರು ಹದ ಮಾಡಿದ್ದರಿಂದ ನೆತ್ತಿಯ ಉರಿ ನಿಂತಿತು. ಕೂದಲು ಹೇಗೂ ಬರುವುದೇ ಇತ್ತು, ಅದು ಹೋದದ್ದು ಹೆರಿಗೆಯ ಸಹಜ ಪರಿಣಾಮ ಎಂದೆ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಅಂದ್ರ, ಹೋಗಿದ್ದೂ ನನ್ನ ತಪ್ಪಲ್ಲ ಅಂದಂಗಾತಲ್ರೀ?”

“ಅಲ್ಲವೇ ಅಲ್ಲ ತಾಯಿ” ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಚಹಾಕ್ಕೆ ಒಲೆ ಹೊತ್ತಿಸಲು ಒಳಗೆ ಹೋದರು.

ವೀಕ್ಷಕರೇ, ನಿಮ್ಮ ಮನೆಯ ಬಚ್ಚಲಿಗೆ ಇಷ್ಟು ನೆನಪಿಟ್ಟುಕೊಳ್ಳಿ. ತಲೆಗೆ ಮೈಕಾವಿಗಿಂತ ತುಸು ಹೆಚ್ಚು, 40 ಡಿಗ್ರಿ ದಾಟದ ನೀರು. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಎರೆಯುವ ಮೊದಲು ಮೊಣಕೈಯಿಂದ ಪರೀಕ್ಷೆ. ಕೂದಲು ಉದುರಿದರೆ ನೀರನ್ನೂ ಎರೆದವರನ್ನೂ ಬೈಯುವ ಮೊದಲು, ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ಯೋಚಿಸಿ ನೋಡಿ.